ಮೂರು ಕಿಟಕಿಗಳ ಅಳತೆ

ಪರದೆ ಹಾಕಿಸಬೇಕೋ ಬೇಡವೋ ಎಂಬ ಪ್ರಶ್ನೆ ಅವನ ಮಟ್ಟಿಗೆ ಹತ್ತು ದಿನದ ಹಿಂದೆಯೇ ಇತ್ಯರ್ಥವಾಗಿತ್ತು. ಅಳತೆ ಕೊಟ್ಟಾಗಿತ್ತು, ಬಟ್ಟೆ ಆರಿಸಿಯಾಗಿತ್ತು, ಈ ಸಂಜೆ ಕೋರ್ಟಿನಿಂದ ಬರುವಾಗ ಅಂಗಡಿಗೆ ಹೋಗಿ ಎತ್ತಿಕೊಂಡು ಬರುವುದಷ್ಟೇ ಬಾಕಿ. ಆದರೂ ಬೆಳಿಗ್ಗೆ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ನಡುಮನೆಗೆ ಬಂದು ಬೀದಿಯ ಕಡೆಗಿದ್ದ ಮೂರು ಕಿಟಕಿಗಳ ಮುಂದೆ ನಿಂತಾಗ, ತೀರ್ಪಾದ ಮೇಲೂ ವರಾಂಡ ಬಿಟ್ಟು ಏಳದ ಕಕ್ಷಿದಾರನ ಹಾಗೆ ಆ ಪ್ರಶ್ನೆ ಅಲ್ಲೇ ಕೂತಿತ್ತು. ಸೊಂಟದ ಮಟ್ಟದಿಂದ ಹೆಚ್ಚುಕಡಿಮೆ ಚಾವಣಿಯವರೆಗೆ ಬರೀ ಗಾಜು. ಹಿಂದಿನ ಬಾಡಿಗೆಯವರು ಪರದೆಗಳನ್ನು ಬಿಚ್ಚಿಕೊಂಡು, ಅವು ತೂಗುವ ಸರಳುಗಳನ್ನು ಮಾತ್ರ ಬಿಟ್ಟು ಹೋಗಿದ್ದರು. ಇದು ಎರಡನೇ ಮಹಡಿ. ಎದುರಿನ ಕಟ್ಟಡದ ಎರಡನೇ ಮಹಡಿಯೂ ಇಷ್ಟೇ ಎತ್ತರ. ನಡುವೆ ಒಂದು ಲಾರಿಯೂ ಒಂದು ಸ್ಕೂಟರೂ ಪರಸ್ಪರ ಬೈದುಕೊಂಡು ಹಾದುಹೋಗುವಷ್ಟು ಅಗಲದ ಬೀದಿ. ಬಿಸಿಲಿಗೆ ಸೋಫಾದ ಬಣ್ಣ ಹೋಗುತ್ತದೆ, ಒಂದು. ಧೂಳು, ಎರಡು. ವಯಸ್ಸಾದ ಅಮ್ಮ ಮಧ್ಯಾಹ್ನ ಕಾಲು ಚಾಚಿ ಮಲಗುವುದು ದಾರಿಹೋಕರಿಗೆಲ್ಲ ಕಾಣುತ್ತದೆ, ಮೂರು. ಹತ್ತೊಂಬತ್ತು ವರ್ಷ ಕೋರ್ಟಿನಲ್ಲಿ ಸ್ಟೆನೋ ಆಗಿದ್ದವನಿಗೆ ಕಾರಣಗಳನ್ನು ಹೀಗೆ ಒಂದರ ಕೆಳಗೊಂದು ಜೋಡಿಸುವುದು ಅಭ್ಯಾಸ. ನಾಲ್ಕನೆಯ ಕಾರಣವೂ ಇತ್ತು. ಅದನ್ನು ಅವನು ತನಗೇ ಹೇಳಿಕೊಂಡಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೇಳಿಕೊಂಡು, ಕೂಡಲೇ ಮಾತು ಬದಲಿಸಿದ್ದ. ಬಾಯಿಯ ನೊರೆ ಅಂಗಿಯ ಮೇಲೆ ಬಿದ್ದಾಗ ಬಚ್ಚಲಿಗೆ ಓಡಿದ.

“ಇವತ್ತು ತರ್ತೀಯಲ್ಲ?” ಎಂದಳು ಅಮ್ಮ, ಸೋಫಾದಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ. “ಮರೆತೆ ಗಿರೆತೆ ಅಂದ್ರೆ ನಾನೇ ಹೊದಿಕೆ ತಂದು ನೇತುಹಾಕ್ತೀನಿ ನೋಡು. ಎಂಟು ತಿಂಗಳಿಂದ ಅಂಗಡಿ ಬಾಟಲಿಯೊಳಗಿನ ಬಿಸ್ಕತ್ತಿನ ಹಾಗೆ ಆಗೋಗಿದೆ ನನ್ನ ಬಾಳು. ಹೋಗೋರು ಬರೋರೆಲ್ಲ ಕತ್ತೆತ್ತಿ ನೋಡೋದೇ. ಟಿಕೆಟ್ ಹರಿಯೋದೊಂದು ಬಾಕಿ.”

“ಮೆಲ್ಲಗೆ ಅಮ್ಮಾ.”

“ಯಾಕೆ ಮೆಲ್ಲಗೆ? ಯಾರಿಗೆ ಕೇಳ್ಸುತ್ತೆ?” ಎಂದುಬಿಟ್ಟು ಅಮ್ಮ ನಾಲಿಗೆ ಕಚ್ಚಿಕೊಂಡಳು.

ಮೂರು ಹೆಜ್ಜೆ ಆಚೆ, ಅಡುಗೆಮನೆಯಲ್ಲಿ, ಅವನ ಹೆಂಡತಿ ಈ ಕಡೆ ಬೆನ್ನು ಮಾಡಿಕೊಂಡು ಅವನ ಬುತ್ತಿಯ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದಳು. ಎರಡು ವರ್ಷದ ಮಗುವಾಗಿದ್ದಾಗ ಬಂದ ಜ್ವರದಲ್ಲಿ ಅವಳ ಕಿವಿ ಹೋಗಿತ್ತು. ಕಿವಿಯ ಜೊತೆ ಮಾತೂ. ಈ ಮನೆಯಲ್ಲಿ ಗುಟ್ಟು ಮಾಡಲು ದನಿ ತಗ್ಗಿಸಬೇಕಿರಲಿಲ್ಲ. ಅವಳ ಬೆನ್ನು ಈ ಕಡೆಗಿದ್ದರೆ ಸಾಕಿತ್ತು. ಪರದೆಯ ವಿಷಯವನ್ನು ತಾಯಿ ಮಗ ಹತ್ತು ದಿನ ಹೀಗೆ, ಅವಳ ಬೆನ್ನ ಹಿಂದೆ, ಗಟ್ಟಿ ದನಿಯಲ್ಲಿ ಚರ್ಚಿಸಿದ್ದರು. ಅವಳು ತಲೆಗೆ ನೀರು ಹಾಕಿಕೊಳ್ಳಲು ಹೋದ ಭಾನುವಾರ ಅವನು ಟೇಪು ಹಿಡಿದು ಸ್ಟೂಲು ಹತ್ತಿದ್ದ, ಅಮ್ಮ ಕೆಳಗಿನ ತುದಿ ಹಿಡಿದಿದ್ದಳು. ಬಚ್ಚಲಲ್ಲಿ ನೀರು ನಿಂತ ಸದ್ದಾದಾಗ ಇಬ್ಬರೂ ಕಳ್ಳರ ಹಾಗೆ ಟೇಪು ಸುತ್ತಿ ಕುಶನ್ ಕೆಳಗೆ ತುರುಕಿದ್ದರು. ಹೇಳಿದರೆ ಬೇಡ ಅನ್ನುತ್ತಾಳೆ, ಅದಕ್ಕೇ ಹೇಳಲಿಲ್ಲ ಎಂದು ಅವನು ಆಗ ಅಂದುಕೊಂಡಿದ್ದ. ಆದರೆ ಹೇಳುವುದು ಹೇಗೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅವಳ ಅಕ್ಕ ಬಂದಿದ್ದು, ಒಂದು ವಾರ ಕೂರಿಸಿಕೊಂಡು ಸನ್ನೆ ಕಲಿಸಿದ್ದರು. ಊಟ, ನೀರು, ನಾಳೆ, ಅಮ್ಮ, ನಿದ್ದೆ, ತಲೆನೋವು, ಬೇಗ, ತಡ, ಮತ್ತೊಮ್ಮೆ. ಒಟ್ಟು ನಲವತ್ತು. ಹನ್ನೊಂದು ವರ್ಷವಾದರೂ ಅದು ನಲವತ್ತೊಂದಾಗಿರಲಿಲ್ಲ. ನಲವತ್ತು ಮಾತಿನಲ್ಲಿ ಸಂಸಾರ ನಡೆಯುತ್ತದೆಯೇ ಎಂದು ಯಾರಾದರೂ ಕೇಳಿದ್ದರೆ, ನಿಮ್ಮದು ಎಷ್ಟರಲ್ಲಿ ನಡೆಯುತ್ತಿದೆ ಎಂದು ಕೇಳಬಹುದಿತ್ತು. ಯಾರೂ ಕೇಳಲಿಲ್ಲ.

ಡಬ್ಬಿ ಕೊಡುವಾಗ ಅವಳು ಅವನ ಅಂಗಿಯ ಮೇಲಿನ ನೊರೆಯ ಕಲೆ ತೋರಿಸಿ ನಕ್ಕಳು. ಸದ್ದಿಲ್ಲದ ನಗು. ಅವಳ ನಿಜವಾದ ನಗುವಿಗೆ ಸದ್ದಿತ್ತು. ಎದೆಯಾಳದಿಂದ, ಏರಿಳಿತದ ಅಂಕೆಯಿಲ್ಲದೆ, ಕೇಳಿದವರು ಒಮ್ಮೆ ತಿರುಗಿ ನೋಡುವಂಥ ಸದ್ದು. ಮದುವೆಯಾಗಿ ನಾಲ್ಕನೆಯ ತಿಂಗಳು ಕೋರ್ಟಿನ ಶಿರಸ್ತೇದಾರರ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ, ಅವರ ಮೊಮ್ಮಗು ಚಮಚ ಮೂಗಿಗೆ ಅಂಟಿಸಿಕೊಂಡದ್ದು ನೋಡಿ ಅವಳು ಹಾಗೆ ನಕ್ಕಿದ್ದಳು. ಪಂಕ್ತಿ ಪೂರಾ ಸ್ತಬ್ಧವಾಯಿತು. ಅವನು ಅವಳ ಮೊಣಕೈ ಹಿಡಿದು ಒತ್ತಿದ. ಜೋರಾಗಿ ಅಲ್ಲ, ಮೆಲ್ಲಗೆ, ಬಹಳ ಮೆಲ್ಲಗೆ. ಎಷ್ಟು ಮೆಲ್ಲಗೆ ಎಂದು ಆಮೇಲೆ ಅವನು ಎಷ್ಟೋ ಸಲ ತನಗೆ ತಾನೇ ಸಾಕ್ಷಿ ಹೇಳಿಕೊಂಡಿದ್ದಾನೆ. ಅಷ್ಟೇ. ಅವಳು ಅವನ ಮುಖ ನೋಡಿದಳು, ಊಟ ಮಾಡಿದಳು. ಅಂದಿನಿಂದ ಮನೆಯಲ್ಲೂ ಅವಳ ನಗುವಿಗೆ ಸದ್ದಿರಲಿಲ್ಲ. ಅದಕ್ಕೂ ಮೊದಲು, ನಿಶ್ಚಯವಾದ ಮೇಲೆ ಅವಳು ಬರೆದ ಮೊದಲ ಕಾಗದದಲ್ಲಿ ಕ್ರಿಯಾಪದಗಳೆಲ್ಲ ಅಡ್ಡಾದಿಡ್ಡಿ ಇದ್ದವೆಂದು ಅವನು ಕೆಂಪು ಶಾಯಿಯಲ್ಲಿ ತಿದ್ದಿ, ಪ್ರೀತಿಯಿಂದಲೇ, ವಾಪಸು ಕಳಿಸಿದ್ದ. ಈಗ ಫೋನಿನಲ್ಲಿ ಅವಳು ಕಳಿಸುವ ಸಂದೇಶಗಳಲ್ಲಿ ಕ್ರಿಯಾಪದವೇ ಇರುವುದಿಲ್ಲ: ಸೋಪು. ಅಮ್ಮನ ಮಾತ್ರೆ. ಬೆಳ್ಳುಳ್ಳಿ. ಅವನು ಕಲೆಯ ಮೇಲೆ ನೀರು ಒತ್ತಿಕೊಂಡು ಬಸ್ಸಿಗೆ ಹೊರಟ.

ಆ ದಿನ ಸಾಕ್ಷಿ ಕಟಕಟೆಯಲ್ಲಿದ್ದವಳು ಒಬ್ಬ ಮುದುಕಿ. ಅಣ್ಣತಮ್ಮಂದಿರ ಜಗಳ, ಒಂದು ಬಾಗಿಲು, ಅದನ್ನು ಯಾರು ಒಳಗಿನಿಂದ ಹಾಕಿದರು ಎಂಬ ಪ್ರಶ್ನೆ. ಅವನ ಕೆಲಸದಲ್ಲಿ ಮುಖ ನೋಡುವ ಅಗತ್ಯವಿಲ್ಲ. ಸಾಕ್ಷಿ ಹೇಳುತ್ತಾರೆ, ನ್ಯಾಯಾಧೀಶರು ಅದನ್ನು ನೆಟ್ಟಗೆ ಮಾಡಿ ಬರೆಸುತ್ತಾರೆ, ಅವನು ತಲೆ ತಗ್ಗಿಸಿ ಕುಟ್ಟುತ್ತಾನೆ. ಒಂದಕ್ಷರ ಬಿಡುವುದಿಲ್ಲ, ಒಂದಕ್ಷರ ಸೇರಿಸುವುದಿಲ್ಲ. ಅವನ ಕಿವಿಯ ಮೇಲೆ ಇಡೀ ಕೋರ್ಟಿಗೆ ಭರವಸೆ. “ನೀವು ಆಗ ಅಲ್ಲೇ ಇದ್ದಿರಾ?” ಎಂದರು ವಕೀಲರು. ಉತ್ತರ ಬರಲಿಲ್ಲ. ಅವನ ಬೆರಳುಗಳು ಕೀಲಿಗಳ ಮೇಲೆ ಕಾದವು. “ತಲೆಯಾಡಿಸಿದ್ರೆ ಆಗೋದಿಲ್ಲಮ್ಮ, ಬಾಯಿ ಬಿಟ್ಟು ಹೇಳ್ಬೇಕು. ತಲೆಯಾಡಿಸೋದು ಬರ್ಕೊಳ್ಳೋಕೆ ಬರೋದಿಲ್ಲ.” “ಹೂಂ,” ಎಂದಳು ಮುದುಕಿ. ಅವನು ‘ಹೌದು’ ಎಂದು ಹೊಡೆದ. “ಬಾಗಿಲು ಹೇಗೆ ಹಾಕಿದರು?” ಮತ್ತೆ ಸದ್ದಿಲ್ಲ; ಈ ಸಲ ಬಹಳ ಹೊತ್ತು. ಯಾಕೋ, ಅಪರೂಪಕ್ಕೆ, ಅವನು ತಲೆಯೆತ್ತಿ ನೋಡಿದ. ಮುದುಕಿ ಎರಡು ಕೈಗಳಿಂದ ಕಾಣದ ಬಾಗಿಲೊಂದನ್ನು ನೂಕುತ್ತಿದ್ದಳು, ಭುಜ ಕೊಟ್ಟು, ಆಚೆಯಿಂದ ಯಾರೋ ತಳ್ಳುತ್ತಿದ್ದಾರೆಂಬಂತೆ ಅಂಗಾಲು ಊರಿ; ಕೊನೆಗೆ ಒಂದು ಕೈ ಬಿಟ್ಟು, ಆ ಕೈಯಿಂದ ಬಾಯಿ ಮುಚ್ಚಿಕೊಂಡಳು. ನ್ಯಾಯಾಧೀಶರು ಬರೆಸಿದರು: ‘ಸಾಕ್ಷಿಯು ಬಾಗಿಲು ಹಾಕಿದ ರೀತಿಯನ್ನು ಕೈಸನ್ನೆಯಿಂದ ತೋರಿಸಿದರು.’ ಅವನು ಹೊಡೆದ. ಏನು ತೋರಿಸಿದಳು ಎಂಬುದನ್ನು ಯಾರೂ ಬರೆಸಲಿಲ್ಲ, ಅವನು ಕೇಳುವಂತೆಯೂ ಇರಲಿಲ್ಲ.

ಎದುರುಮನೆಯವಳ ಪರಿಚಯವಾದದ್ದು ಈ ಮನೆಗೆ ಬಂದ ಎರಡನೆಯ ತಿಂಗಳಲ್ಲಿ. ಅವಳು ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬೇರೆ ಬೇರೆ ಅಂಗಡಿಗಳಿಗೆ ಹೊಲಿದುಕೊಡುವ ಒಂಟಿ ಹೆಂಗಸು. ಬೆಳಕಿಗಾಗಿ ಯಂತ್ರವನ್ನು ಕಿಟಕಿಗೇ ಒತ್ತಿ ಇಟ್ಟಿದ್ದಳು, ಅವಳ ಕಿಟಕಿಗೂ ಪರದೆಯಿರಲಿಲ್ಲ. ಒಂದು ಭಾನುವಾರ ಸಂಜೆ ಅವಳು ತನ್ನ ಬಾಗಿಲಲ್ಲಿ ನಿಂತವನೊಬ್ಬನಿಗೆ ಎರಡು ಕೈಗಳಲ್ಲೂ ಸಮನಾಗಿ, ಸನ್ನೆಯಲ್ಲೇ, ಬೈಯುತ್ತಿದ್ದುದನ್ನು ಅವನ ಹೆಂಡತಿ ಈ ಕಡೆಯಿಂದ ನೋಡಿದಳು. ಬೈಗುಳವೇ ಪರಿಚಯವಾಯಿತು. ಹೆಂಡತಿ ಕಿಟಕಿಯ ಹತ್ತಿರ ಓಡಿ, ಗಾಜಿನ ಬಾಗಿಲು ತೆರೆದು ಕೈ ಬೀಸಿದಾಗ ಅವನು ಸೋಫಾದಲ್ಲಿ ಪೇಪರು ಓದುತ್ತಿದ್ದ. ತಲೆಯೆತ್ತಿದರೆ ಅವಳ ಬೆನ್ನು, ಅವಳ ಎರಡು ಮೊಣಕೈಗಳು, ಆ ಮೊಣಕೈಗಳ ವೇಗ. ಅಷ್ಟು ವೇಗವಾಗಿ ಅವಳ ಕೈ ಓಡಬಲ್ಲದೆಂದು ಹನ್ನೊಂದು ವರ್ಷದಲ್ಲಿ ಅವನಿಗೆ ಗೊತ್ತಾಗಿರಲಿಲ್ಲ. ಅವನ ಜೊತೆ ಅವಳು ಯಾವಾಗಲೂ ಮಗುವಿಗೆ ತುತ್ತು ಮಾಡಿಕೊಡುವ ಹಾಗೆ ನಿಧಾನ. ಅಂದಿನಿಂದ ದಿನವೂ ಆರೂವರೆಗೆ, ಬೆಳಕು ಇಳಿದು ಎದುರಿನವಳು ಯಂತ್ರ ನಿಲ್ಲಿಸಿ ಕಣ್ಣು ಉಜ್ಜಿಕೊಳ್ಳುವ ಹೊತ್ತಿಗೆ, ಇಬ್ಬರೂ ಕಿಟಕಿಗೆ ಬರುತ್ತಿದ್ದರು. ಅಲ್ಲಿಗೇ ಹೋಗಿ ಕೂರುವುದು ತಿಂಗಳಿಗೊಮ್ಮೆಯೂ ಆಗುತ್ತಿರಲಿಲ್ಲ: ಅಮ್ಮ ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಅವಳೊಬ್ಬಳನ್ನೇ ಬಿಡುವಂತಿರಲಿಲ್ಲ, ಅವನು ಬರುವುದೇ ಕತ್ತಲಾದ ಮೇಲೆ. ಅಮ್ಮನಿಗೂ ಇದರಲ್ಲಿ ತಕರಾರಿರಲಿಲ್ಲ, ಮೊದಮೊದಲು. “ಪಾಪ, ಅವಳಿಗೂ ಒಂದು ಜೀವ ಬೇಕಲ್ಲಪ್ಪ, ಹರಟೆ ಹೊಡೆಯೋಕೆ,” ಎಂದಿದ್ದಳು.

ಹತ್ತು ದಿನದ ಹಿಂದೆ ಕೋರ್ಟು ಬೇಗ ಮುಗಿಯಿತು. ಅವನು ಬಸ್ಸಿಳಿದು, ಮನೆಯಿಂದ ಸ್ವಲ್ಪ ಈಚೆಗಿದ್ದ ಚಹದ ಅಂಗಡಿಯಲ್ಲಿ, ಎಂದೂ ನಿಲ್ಲದವನು, ಅಂದು ನಿಂತ. ಅಂಗಡಿಯವನಿಗೆ ಇವನ ಗುರುತಿರಲಿಲ್ಲ. ನಾಲ್ಕೈದು ಜನ ಲೋಟ ಹಿಡಿದು ಕತ್ತೆತ್ತಿಕೊಂಡು ನಿಂತಿದ್ದರು; ಇವನೂ ಎತ್ತಿದ. ಮೇಲೆ, ಬೀದಿಯ ಎರಡೂ ಕಡೆ, ದೀಪದ ಬೆಳಕಿನಲ್ಲಿ ಇಬ್ಬರು ಹೆಂಗಸರು. ಒಬ್ಬಳು ಅವನ ಹೆಂಡತಿ. ಅವಳ ಮುಖವನ್ನು ಆ ಕೋನದಿಂದ, ಅಷ್ಟು ದೂರದಿಂದ ಅವನು ನೋಡಿರಲಿಲ್ಲ: ಹುಬ್ಬು, ಕೆನ್ನೆ, ತುಟಿ ಎಲ್ಲಕ್ಕೂ ಕೆಲಸ. ಅವಳು ಕತ್ತು ಬಗ್ಗಿಸಿ, ಹತ್ತೂ ಬೆರಳುಗಳಿಂದ ಗಾಳಿಯಲ್ಲಿ ಟಪಟಪನೆ ಏನೋ ಕುಟ್ಟಿದಳು. ಎದುರಿನವಳು ಹೊಟ್ಟೆ ಹಿಡಿದುಕೊಂಡಳು. ಆಮೇಲೆ ನಗು ಬಂತು, ಸದ್ದಿನ ಸಮೇತ, ಅದೇ ನಗು, ಬೀದಿಯ ಮೇಲಿನಿಂದ ಸುರಿಯಿತು.

“ಅಗೋ, ಬಂದ ನೋಡಿ,” ಎಂದ ಅಂಗಡಿಯವನು.

“ಯಾರು?” ಎಂದ ಇವನು.

“ಗಂಡ, ಸಾರ್. ಹೀಗೆ ತಲೆ ತಗ್ಗಿಸ್ಕೊಂಡು ಬೆರಳು ಕುಟ್ಟಿದ್ರೆ ಅದು ಆಯಮ್ಮನ ಗಂಡ. ಮಾತು ಬಾರದೋರು ಎಲ್ರಿಗೂ ಹೀಗೆ ಒಂದೊಂದು ಗುರುತು ಹೆಸರು ಇಟ್ಕೊಂಡಿರ್ತಾರೆ. ಆರು ತಿಂಗಳಿಂದ ನೋಡ್ತಿದೀನಲ್ಲ, ಈಗ ಅರ್ಧ ಅರ್ಥ ಆಗುತ್ತೆ. ಮಂಡಿ ತಿಕ್ಕೊಂಡ್ರೆ ಅತ್ತೆ. ನಂದೂ ಒಂದಿದೆ, ಲೋಟ ಎತ್ತಿ ಸುರಿಯೋದು.” ಅವನು ಹೆಮ್ಮೆಯಿಂದ ಸುರಿದು ತೋರಿಸಿದ. “ಒಳ್ಳೆ ಹೆಂಗಸ್ರು, ಸಾರ್. ಆದ್ರೆ ಆ ಗಂಡನ ಕತೆ ಬಂತೋ, ಇಬ್ರೂ ಬಿದ್ದು ಬಿದ್ದು ನಗೋದೇ.” ಪಕ್ಕದಲ್ಲಿದ್ದ ಒಬ್ಬ ತಲೆ ತಗ್ಗಿಸಿ ಬೆರಳು ಕುಟ್ಟಿ ತೋರಿಸಿದ, ಉಳಿದವರು ನಕ್ಕರು. ಅವನೂ ನಕ್ಕ. ನಗದಿದ್ದರೆ ಗೊತ್ತಾಗಿಬಿಡುತ್ತಿತ್ತು. ಲೋಟದಲ್ಲಿ ಅರ್ಧ ಚಹ ಬಿಟ್ಟು ಮನೆಗೆ ಹೋಗದೆ ಎರಡು ಬೀದಿ ಸುತ್ತಿ ಬಂದ. ಅವಳು ಬಾಗಿಲು ತೆರೆದಾಗ ಎಂದಿನಂತೆ ‘ಊಟ?’ ಎಂದು ಬೆರಳು ಬಾಯಿಗೆ ಒಯ್ದಳು, ಅವನು ಎಂದಿನಂತೆ ತಲೆಯಾಡಿಸಿದ. ತನಗೊಂದು ಹೆಸರಿದೆ, ಅದು ಚಹದ ಅಂಗಡಿಯವನಿಗೆ ಗೊತ್ತಿದೆ, ತನಗೆ ಗೊತ್ತಿರಲಿಲ್ಲ. ಹಾಗೊಂದು ಇದೆಯೇ ಎಂದು ಕೇಳಬೇಕೆಂದು ಕೂಡ ಎಂದೂ ಅನ್ನಿಸಿರಲಿಲ್ಲ. ರಾತ್ರಿಯೆಲ್ಲ ಅವನಿಗೆ ಮೈ ಉರಿಯುವಷ್ಟು ಅವಮಾನ, ಅದರ ಅಡಿಯಲ್ಲಿ ಅವಮಾನಕ್ಕಿಂತ ಕೆಟ್ಟದ್ದು ಇನ್ನೇನೋ, ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ. ಆ ಭಾನುವಾರವೇ ಅವನು ಟೇಪು ಹುಡುಕಿದ್ದು.

ಇವತ್ತು ಕೋರ್ಟಿನಿಂದ ಬೇಗ ಹೊರಟು ಅವನು ಹೋದಾಗ, ಪರದೆ ಅಂಗಡಿಯವರು ಪೊಟ್ಟಣ ಕಟ್ಟಿಟ್ಟಿದ್ದರು. “ಒಂದು ಕೊನೆ ಬಿಚ್ಚಿ ನೋಡ್ಕೊಂಡ್ಬಿಡಿ ಸಾರ್. ನೀವು ಕೊಟ್ಟ ಅಳತೆಗೆ ಕೂದಲೆಳೆ ಆಚೀಚೆ ಇಲ್ಲ.” ದಪ್ಪ ಬೂದು ಬಟ್ಟೆ, ಹಿಂದೆ ಲೈನಿಂಗು, ಬೆಳಕು ನುಸುಳಬಾರದು ಎಂದು ಅವನೇ ಕೇಳಿ ಹಾಕಿಸಿದ್ದು. ಮಡಿಕೆಗಳ ಅಂಚಿನಲ್ಲಿ ತೆಳು ನೀಲಿ ದಾರದ ಹೊಲಿಗೆ ಓಡಿತ್ತು. “ಬೂದು ದಾರ ಇರಲಿಲ್ವಾ?” ಎಂದ. “ಹೊರಗೆ ಹೊಲಿಯೋಕೆ ಕೊಡ್ತೀವಿ ಸಾರ್. ಅವರೇ ನೀಲಿ ಹಾಕಿದಾರೆ. ನೋಡಿ ಎಷ್ಟು ಲಕ್ಷಣವಾಗಿದೆ. ನಾವು ಹೇಳಿದ್ರೂ ಇಂಥದ್ದು ಹೊಳೀತಿರಲಿಲ್ಲ.” ನಿಜ, ಲಕ್ಷಣವಾಗಿತ್ತು. ಪೊಟ್ಟಣ ಎಣಿಸಿದ್ದಕ್ಕಿಂತ ಭಾರವಿತ್ತು. ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಕೂತವನಿಗೆ, ಈಗಲೂ ವಾಪಸು ಕೊಟ್ಟುಬಿಡಬಹುದು ಎನ್ನಿಸಿತು. ಅಮ್ಮನಿಗೆ ಏನು ಹೇಳುವುದು? ಅಮ್ಮ ನೆಪ, ಅದು ಅವನಿಗೆ ಗೊತ್ತಿತ್ತು. ಎರಡು ಕಿಟಕಿಗೆ ಹಾಕಿ ನಡುವಿನ ಒಂದು ಬಿಟ್ಟರೆ? ಆಗ ಎಲ್ಲ ಕಣ್ಣೂ ಆ ಒಂದರ ಮೇಲೇ. ಅಥವಾ ಆರೂವರೆಯಿಂದ ಏಳರವರೆಗೆ ಸರಿಸಿಡಲಿ, ಉಳಿದ ಹೊತ್ತು ಮುಚ್ಚಿರಲಿ. ಅದನ್ನು ಅವಳಿಗೆ ಹೇಳಲು ಅವನ ನಲವತ್ತರಲ್ಲಿ ಬೇಕಾದ ಮಾತುಗಳಿದ್ದವು: ಬೇಗ ಇತ್ತು, ತಡ ಇತ್ತು, ಮತ್ತೊಮ್ಮೆ ಇತ್ತು. ‘ನನಗೆ ಬೇಜಾರಾಯಿತು’ ಎಂಬುದು ಮಾತ್ರ ಇರಲಿಲ್ಲ. ನಿಲ್ದಾಣ ಬಂತು, ಇಳಿದ.

ಮನೆ ಹೊಕ್ಕಾಗ ಆರು ಗಂಟೆಗೆ ಐದು ನಿಮಿಷವಿತ್ತು. ಪೊಟ್ಟಣವನ್ನು ಸೋಫಾದ ಮೇಲೆ ಇಡುತ್ತಿದ್ದ ಹಾಗೇ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದು, ಏನು ಎಂದು ಗಲ್ಲ ಎತ್ತಿ ಕೇಳಿದಳು. ಅವನು ಕಿಟಕಿಯ ಕಡೆ ಕೈ ತೋರಿಸಿ ಹುಸಿನಗೆ ನಕ್ಕ. ಅವಳು ದಾರ ಬಿಚ್ಚಿದಳು. ಬಟ್ಟೆ ಕಂಡೊಡನೆ ಅವಳ ಕೈ ನಿಂತಿತು. ಅಂಚನ್ನು ಎತ್ತಿ ನೀಲಿ ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿದಳು, ಮಡಿಕೆ ತಿರುಗಿಸಿ ಲೈನಿಂಗು ನೋಡಿದಳು. ಆಮೇಲೆ ಅವನ ಕಡೆ ತಿರುಗಿ, ನಿಧಾನವಾಗಿ, ಅವನಿಗೆ ಅರ್ಥವಾಗುವ ಹಾಗೆ ಹೇಳಿದಳು. ಎದುರುಮನೆಯತ್ತ ಬೆರಳು. ಹೊಲಿಗೆ ಯಂತ್ರ. ಈ ಬಟ್ಟೆ. ಮೂರು ದಿನ. ಎರಡು ದಾರದ ಉಂಡೆಗಳನ್ನು ಎತ್ತಿ ಹಿಡಿದು, ಯಾವುದು ಎಂದು ಆಚೆಯಿಂದ ಕೇಳಿದ್ದು. ತನ್ನ ಎದೆ ಮುಟ್ಟಿಕೊಂಡು, ತಾನು ಬಲಗಡೆಯದನ್ನು ತೋರಿಸಿದ್ದು. ಯಾರ ಮನೆಗೆ ಎಂದು ತಾನು ಕೇಳಿದ್ದು. ಯಾರೋ, ಗೊತ್ತಿಲ್ಲ, ಅರ್ಜೆಂಟು, ಮೂರು ಕಿಟಕಿ ಎಂದು ಆಚೆಯವಳು ಹೇಳಿದ್ದು. ಹನ್ನೊಂದು ವರ್ಷದಲ್ಲಿ ಅವಳು ಹೇಳಿದ್ದು ಒಂದೂ ಬಿಡದಂತೆ, ಎರಡನೆಯ ಸಲ ಕೇಳದೆ ಅವನಿಗೆ ಅರ್ಥವಾದದ್ದು ಅದೇ ಮೊದಲು. ಮೂರು ಸಂಜೆಯೂ ಆ ಬಟ್ಟೆ ಎದುರಿನ ಕಿಟಕಿಯಲ್ಲಿ ಹರಡಿಕೊಂಡಿದ್ದಿರಬೇಕು. ಆ ಕಡೆ ಕಣ್ಣೆತ್ತಿ ನೋಡಬಾರದೆಂದು ಹಟ ಹಿಡಿದಿದ್ದವನಿಗೆ ಕಾಣಲಿಲ್ಲ. “ಏನಂತೋ?” ಎಂದಳು ಅಮ್ಮ. ಅವನು ಹೇಳಿದ. “ಅಯ್ಯೋ ನನ್ನ ಕರ್ಮವೇ,” ಎಂದು ಅಮ್ಮ ಹಣೆಗೆ ಕೈ ಹಚ್ಚಿ ಕೂತಳು.

ಹೆಂಡತಿ ಅಳಲಿಲ್ಲ, ಬಟ್ಟೆ ಬಿಸಾಡಲಿಲ್ಲ. ಸ್ಟೂಲು ಎಳೆದಳು, ಹತ್ತಿದಳು, ಸರಳು ಇಳಿಸಿ ಬಟ್ಟೆಯ ಕೊರಳಿನ ರಿಂಗುಗಳನ್ನು ಒಂದೊಂದಾಗಿ ಪೋಣಿಸಿ ಮೂರು ಕಿಟಕಿಗೂ ತಾನೇ ಪರದೆ ಹಾಕಿದಳು. ಅವನು ಕೈ ಚಾಚಿದಾಗ ಸರಳಿನ ಒಂದು ತುದಿಯನ್ನು ಅವನ ಕೈಗೆ ಕೊಟ್ಟಳು, ಅಷ್ಟೇ. ಅಪರಿಚಿತ ಕೆಲಸಗಾರನಿಗೆ ಕೊಡುವ ಹಾಗೆ. ಕೊನೆಯದನ್ನು ಎಳೆದು ಅಂಚಿಗೆ ಅಂಚು ಸೇರಿಸಿದಾಗ ನಡುಮನೆ ಬೇರೆಯೇ ಆಯಿತು. ದೀಪ ಹಾಕಬೇಕಾಯಿತು. ಅವಳು ಕುರ್ಚಿಯೊಂದನ್ನು ಗೋಡೆಯ ಕಡೆ ತಿರುಗಿಸಿ, ಕಿಟಕಿಗಳಿಗೆ ಬೆನ್ನು ಹಾಕಿ ಕೂತು, ಎರಡು ಕೈಗಳನ್ನೂ ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಳು. ಅವಳ ಕೈಗಳು ಹಾಗೆ ಕೆಲಸವಿಲ್ಲದೆ ಇದ್ದದ್ದನ್ನು ಅವನು ಕಂಡಿರಲಿಲ್ಲ. ಕೋರ್ಟಿನಲ್ಲಿ ತೀರ್ಪು ಓದುವಾಗ ಕೆಲವರು ಹೀಗೆ ಕೂರುತ್ತಾರೆಂದು ಯಾರೋ ಹೇಳಿದ್ದರು, ಅವನು ನೋಡಿರಲಿಲ್ಲ. ಅವಳ ಎದುರು ಹೋಗಿ ನಿಂತ. ಅವಳು ಕಣ್ಣು ಮುಚ್ಚಿದಳು. ಅವಳು ಕಣ್ಣು ಮುಚ್ಚಿದರೆ ಜಗತ್ತಿನಲ್ಲಿ ಅವಳಿಗೆ ಏನನ್ನೂ ಹೇಳುವಂತಿಲ್ಲ ಎಂಬುದನ್ನು ಅವನು ಬಹಳ ಹಿಂದೆಯೇ ತಿಳಿದಿದ್ದ. ಇಷ್ಟು ದಿನ ಅವಳು ಅದನ್ನು ಅವನ ಮೇಲೆ ಬಳಸಿರಲಿಲ್ಲ.

“ತೆಗೆದುಬಿಡೋ,” ಎಂದಳು ಅಮ್ಮ.

“ನೀನೇ ಅಲ್ವಾ, ಹಾಕ್ಸು ಹಾಕ್ಸು ಅಂತ ಜೀವ ತಿಂದಿದ್ದು?”

“ಅಂದೆ. ಬೀದಿಯೋರಿಗೆ ನಾವು ಕಾಣ್ಬಾರ್ದು ಅಂದೆ. ಅವಳಿಗೆ ಯಾರೂ ಕಾಣ್ಬಾರ್ದು ಅಂದಿದ್ನಾ? ನನ್ನ ಮಂಡಿ ನೋಡಿ ಯಾರು ಏನು ಮಾಡ್ತಾರೆ, ಬಿಡೋ.” ಅಮ್ಮ ದನಿ ತಗ್ಗಿಸಿದಳು, ತಗ್ಗಿಸುವ ಅಗತ್ಯವೇ ಇಲ್ಲದ ಕಡೆ. “ಕಳೆದ ತಿಂಗಳು ನಾನು ಜ್ವರದಲ್ಲಿ ಮಲಗಿದ್ನಲ್ಲ, ಆಗ ಅವಳು ಕಿಟಕೀಲಿ ನಿಂತ್ಕೊಂಡು ನಕ್ಳು. ಗಟ್ಟಿಯಾಗಿ. ಮೊದಲು ಗಾಬರಿಯಾಯ್ತು. ಆಮೇಲೆ, ಮನೇಲಿ ಯಾರೋ ಇದಾರೆ ಅನ್ನಿಸ್ತು ಕಣೋ.”

ತನಗೇನೂ ಅನ್ನಿಸುತ್ತಿಲ್ಲವಲ್ಲ ಎಂದು ಅವನಿಗೆ ಅನ್ನಿಸಿತು. ಅವನು ಗೋಡೆಗೊರಗಿ ನಿಂತು, ಪ್ರಕರಣದ ಎರಡೂ ಕಡೆಯ ವಾದಗಳನ್ನು ಬೇರೆ ಯಾರದೋ ಎಂಬಂತೆ ನೋಡಿದ. ಪರದೆ ಇದ್ದರೆ: ಚಹದ ಅಂಗಡಿಯ ನಗು ನಿಲ್ಲುತ್ತದೆ, ಅವನ ಹೆಸರು ಬೀದಿಯಿಂದ ಅಳಿಸಿಹೋಗುತ್ತದೆ, ಅವಳು ಇನ್ನು ಅವನ ಕಡೆಯೇ ತಿರುಗಬೇಕಾಗುತ್ತದೆ, ಬೇರೆ ಕಡೆಯೆಂಬುದೇ ಇರುವುದಿಲ್ಲ. ಕೊನೆಯದು ಮನಸ್ಸಿಗೆ ಬಂದ ಕೂಡಲೇ, ನಾಲ್ಕನೆಯ ಕಾರಣ ಇದೇ ಎಂದು ಅವನು ಗುರುತು ಹಿಡಿದ. ನಗುವುದನ್ನು ನಿಲ್ಲಿಸುವುದಲ್ಲ, ಆ ನಗು ಬೇರೆಯವರ ಕಡೆ ಹೋಗದಂತೆ ಮಾಡುವುದು. ಮೊಣಕೈ ಒತ್ತಿದ್ದಕ್ಕಿಂತ ಇದು ಹೆಚ್ಚೋ ಕಡಿಮೆಯೋ ಎಂದು ತೂಗಿದ. ಮೊಣಕೈ ಒತ್ತಿದ್ದು ಒಂದು ಕ್ಷಣ. ಇದು ಟೇಪು ಹಿಡಿದು, ಅಳತೆ ಬರೆದುಕೊಂಡು, ಲೈನಿಂಗು ಹಾಕಿಸಿ ಮಾಡಿದ್ದು.

ಆಗ ಪರದೆ ಮಿನುಗಿತು. ನಡುವಿನ ಕಿಟಕಿಯ ಎರಡು ತುಂಡುಗಳು ಕೂಡುವ ಕಡೆ ಬೆರಳ ಅಗಲದ ಸಂದಿಯಿತ್ತು. ಅದರಲ್ಲಿ ಬೆಳಕು ಬಂತು, ಹೋಯಿತು, ಬಂತು, ಹೋಯಿತು. ಕರೆಂಟಿನ ತೊಂದರೆ ಇರಬೇಕೆಂದುಕೊಂಡ. ಮೂರು ಸಲ ಮಿನುಗಿ ನಿಂತು, ಎಣಿಸಿದ ಹಾಗೆ ಮತ್ತೆ ಮೂರು ಸಲ ಮಿನುಗಿದಾಗ ಗೊತ್ತಾಯಿತು. ಎದುರಿನವಳು ಸ್ವಿಚ್ಚು ಒತ್ತಿ ಒತ್ತಿ ಕರೆಯುತ್ತಿದ್ದಾಳೆ. ಬಾಗಿಲು ಬಡಿದರೆ ಕೇಳದವರು, ಹೆಸರು ಕೂಗಲಾರದವರು, ಕರೆಯುವುದು ಹೀಗಿರಬೇಕು. ಅಮ್ಮ ಸೋಫಾದಲ್ಲಿ ಮುಖ ತಿರುಗಿಸಿಕೊಂಡಿದ್ದಳು. ಹೆಂಡತಿ ಗೋಡೆಯ ಕಡೆಗೆ ಕೂತಿದ್ದಳು, ಕಣ್ಣು ಮುಚ್ಚಿ. ಅವಳನ್ನು ಯಾರೋ ಕರೆಯುತ್ತಿದ್ದಾರೆಂಬುದು ಆ ಮನೆಯಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೆ. ಸುಮ್ಮನಿದ್ದರೆ ಆಯಿತು. ಎದುರಿನವಳು ಇನ್ನೆರಡು ಸಲ ಕರೆಯುತ್ತಾಳೆ, ತಾನೇ ಹೊಲಿದ ಪರದೆಯನ್ನು ಸ್ವಲ್ಪ ಹೊತ್ತು ನೋಡುತ್ತಾಳೆ, ಗೆಳತಿ ಮೂರು ದಿನ ಎಲ್ಲವನ್ನೂ ತಿಳಿದುಕೊಂಡೇ ದಾರ ಆರಿಸಿಕೊಟ್ಟಳು ಎಂದುಕೊಳ್ಳುತ್ತಾಳೆ, ದೀಪ ಆರಿಸುತ್ತಾಳೆ. ಯಾವ ಕಡತಕ್ಕೂ ಇದು ಬರುವುದಿಲ್ಲ. ಇನ್ನೊಮ್ಮೆ ಮೂರು ಸಲ ಮಿನುಗಿತು.

ಅವನು ಹೋಗಿ ನಡುವಿನ ಪರದೆಯನ್ನು ಎರಡೂ ಕಡೆಗೆ ಎಳೆದ, ಗಾಜಿನ ಬಾಗಿಲು ತೆರೆದ. ಎದುರಿನವಳು ಒಂದು ಕೈಯನ್ನು ಸ್ವಿಚ್ಚಿನ ಮೇಲಿಟ್ಟುಕೊಂಡು ನಿಂತಿದ್ದಳು. ಅವನು ನೆನೆಸಿಕೊಂಡದ್ದಕ್ಕಿಂತ ವಯಸ್ಸಾದ ಹೆಂಗಸು. ಹಣೆಯ ಮೇಲೆ ಕನ್ನಡಕ, ಹೆಗಲ ಮೇಲೆ ಅಳತೆ ಟೇಪು. ಅವಳ ಕಣ್ಣು ಮೊದಲು ಪರದೆಯ ಮೇಲೆ ಹರಿಯಿತು, ಅಂಚಿನವರೆಗೆ ಇಳಿಯಿತು, ಆಮೇಲೆ ಅವನ ಮೇಲೆ ಬಂತು. ಅವನ ಕೈಗಳು ತೊಡೆಗೆ ಅಂಟಿಕೊಂಡಿದ್ದವು. ಕೆಳಗಿನಿಂದ ಯಾರೋ, “ಅರೆ, ಇವತ್ತು ಯಾರಿದು?” ಎಂದರು. ಚಹದ ಅಂಗಡಿಯವನ ದನಿಯೇ. ಅವನು ಬಲಗೈ ಎತ್ತಿ ಪರದೆಯನ್ನು ಹಿಡಿದು ತೋರಿಸಿದ. ಆಮೇಲೆ ತನ್ನ ಎದೆ. ಹಿಂದೆ, ಒಳಗಿನ ಕಡೆ, ಹೆಂಡತಿ ಕೂತಿದ್ದ ದಿಕ್ಕು. ಇಲ್ಲವೆಂದು ಕೈಯಾಡಿಸಿದ. ಅವಳಲ್ಲ. ಮತ್ತೆ ಪರದೆ, ಮತ್ತೆ ಎದೆ.

ಎದುರಿನವಳು ಕನ್ನಡಕ ಇಳಿಸಿಕೊಂಡು ಅವನನ್ನೇ ನೋಡಿದಳು. ಆಮೇಲೆ ಏನೋ ಕೇಳಿದಳು, ಎರಡು ಕೈಗಳಿಂದ, ಚಿಕ್ಕದಾಗಿ. ಅವನಿಗೆ ಅರ್ಥವಾಗಲಿಲ್ಲ. ಅವನಿಗೆ ಬರುತ್ತಿದ್ದುದರಲ್ಲಿ ಅಲ್ಲಿ ಹೊಂದುವಂಥ ಒಂದೇ ಒಂದು ಮಾತು ಇತ್ತು, ಅದನ್ನು ಹೇಳಿದ: ಮತ್ತೊಮ್ಮೆ. ಅವಳು ಮತ್ತೊಮ್ಮೆ ಕೇಳಿದಳು, ಇನ್ನೂ ನಿಧಾನವಾಗಿ. ಮೊದಲನೆಯ ಸನ್ನೆ ಸಿಕ್ಕಿತು, ಎರಡನೆಯದು ಜಾರಿತು. ಅವನು ಕಿಟಕಿಯಿಂದ ಮೈ ಮುಂದಕ್ಕೆ ಚಾಚಿ, ಬೀದಿಯವರೆಲ್ಲ ನೋಡುತ್ತಿರುವಂತೆ, ಕೈಯೆತ್ತಿ ಮತ್ತೊಮ್ಮೆ ಎಂದ. ಅವನ ಕಣ್ಣು ಆ ಎರಡು ಕೈಗಳ ಮೇಲೆ ನೆಟ್ಟಿತ್ತು. ಹಿಂದೆ ಅಮ್ಮ, “ಲೋ, ಅವಳು ಎದ್ದು ಬರ್ತಿದಾಳೆ ಕಣೋ,” ಎಂದದ್ದೂ, ಕುರ್ಚಿ ಸರಿದದ್ದೂ ಅವನಿಗೆ ಕೇಳಿಸಲಿಲ್ಲ.